ಬಿಟ್ಟ ಉಸಿರು

ಎಲ್ ಆಲ್ಟೊದಲ್ಲಿ ಗಾಳಿಯನ್ನು
ಜಿಪುಣ ಅಂಗಡಿಯವನು ಎಣ್ಣೆ ಅಳೆದ ಹಾಗೆ ಕೊಡುತ್ತಾನೆ ದೇವರು.
ಕಡ್ಡಿ ಗೀರಿದರೆ ಅದೂ
ಹತ್ತಲೋ ಬೇಡವೋ ಎಂದು ಒಂದು ಗಳಿಗೆ ಯೋಚಿಸುತ್ತದೆ.

ರೊಸೆಂದೊ ಬಂದದ್ದು ಮಂಗಳವಾರ.
ಕೂಸು ಹೊರುವ ಪಟ್ಟೆಪಟ್ಟೆ ಬಟ್ಟೆಯಲ್ಲಿ
ಬೆನ್ನಿಗೆ ಕಟ್ಟಿಕೊಂಡು ತಂದದ್ದು ಕೂಸಲ್ಲ, ಟರ್ಬೊ.
ಲಾರಿಯದು. ಇಕಿಕೆ ಬಂದರಿನಿಂದ
ಗಡಿ ದಾಟಿಸಿ ತರಿಸಿದ್ದಂತೆ; ಬೆಲೆ ಹೇಳುವಾಗ
ಅವನ ದನಿ ತಾನೇ ತಗ್ಗಿತು.
"ಹಾಕಿಬಿಡು, ಬಸಿಲಿಯಾ. ಭಾನುವಾರ ಏರುದಾರಿಯ ಓಟ.
ನನ್ನ ಭಾವ ಈ ಸಲವಾದರೂ ನನ್ನ ಹೊಗೆ ಕುಡಿಯಬೇಕು."

ಬಸಿಲಿಯಾ ಮಾತಾಡಲಿಲ್ಲ. ಎರಡು ಜಡೆಯನ್ನೂ
ಟೊಪ್ಪಿಗೆಯೊಳಗೆ ತುರುಕಿ ಕಾರಿನಡಿ ಹೋದಳು.
ನಾನು ಅವಳ ಕೈಗೆ ಸ್ಪ್ಯಾನರು ಕೊಡುವವನು;
ಹನ್ನೆರಡು ಕೇಳಿದರೆ ಹದಿಮೂರು ಕೊಟ್ಟು ಬೈಸಿಕೊಳ್ಳುವವನು.
ತುಕ್ಕು ಹಿಡಿದ ಬೋಲ್ಟು ಮೂರು. ನಾಲ್ಕನೆಯದು ಮುರಿಯಿತು.
ಅದಕ್ಕೇ ಒಂದು ಮಧ್ಯಾಹ್ನ ಹೋಯಿತು.

ಹಳೆಯ ಟರ್ಬೊ ಹೊರಬಂತು: ಅಂಗೈಯಷ್ಟು ಬಸವನಹುಳು.
ಒಳಗಿನ ರೆಕ್ಕೆಚಕ್ರವನ್ನು ಬೆರಳಲ್ಲಿ ತಿರುವಿ
ಮಗುವಿನ ಹಾಲುಹಲ್ಲಿನಂತೆ ಅಚ್ಚನ್ನು ಅಲುಗಿಸಿದಳು.
ಅಲುಗಿತು. ರೆಕ್ಕೆಗಳ ಅಂಚು ಇಲಿ ಕಡಿದ ರೊಟ್ಟಿ.

"ನೋಡು," ಎಂದಳು, ಅವನಿಗೋ ನನಗೋ ತಿಳಿಯಲಿಲ್ಲ,
"ಎಂಜಿನ್ನು ಬೇಡವೆಂದು ಬಿಟ್ಟ ಉಸಿರೇ
ಈ ಕಡೆಯ ಚಕ್ರ ತಿರುಗಿಸುತ್ತದೆ;
ಅದೇ ಅಚ್ಚಿನ ಆ ಕಡೆಯ ಚಕ್ರ
ಹೊಸ ಗಾಳಿ ಎಳೆದು ಒಳಗೆ ತುರುಕುತ್ತದೆ.
ಕಮ್ಮಾರನ ತಿದಿ ಇದು; ಒತ್ತುವ ಕೈಯೂ ಬೆಂಕಿಯದೇ.
ಇಲ್ಲಿ ಗಾಳಿ ತೆಳು. ಅಷ್ಟೇ ಒತ್ತಡಕ್ಕೆ
ಪಾಪ, ಕೆಳನಾಡಿನದಕ್ಕಿಂತ ಜೋರು ಸುತ್ತಬೇಕು.
ಸುತ್ತಿ ಸುತ್ತಿ ಸತ್ತಿದೆ.
ನಿನ್ನ ಲಾರಿಯದು ಸಾಯುವುದಿಲ್ಲ. ಏಳುವುದೂ ಇಲ್ಲ.
ನೀನು ಪೆಡಲು ತುಳಿದು, ತಿರುವು ಮುಗಿಸಿ,
ಭಾವ ಮರೆಯಾದ ಮೇಲೆ ಆಕಳಿಸುತ್ತ ಎದ್ದು
'ಕರೆದೆಯಾ?' ಅನ್ನುತ್ತದೆ."

ರೊಸೆಂದೊ ನಕ್ಕ. ಆಮೇಲೆ ನಗಲಿಲ್ಲ.

ಅಟ್ಟಣಿಗೆಯಿಂದ ಇನ್ನೊಂದನ್ನು ಇಳಿಸಿದಳು,
ಹಳೆಯದಕ್ಕಿಂತ ಹೆಬ್ಬೆರಳಷ್ಟು ದೊಡ್ಡದು, ಅಷ್ಟೇ.
ಜೊತೆಗೆ ಅಗಲದ ಕೊಳವೆ, ಹೊಸ ಇಂಜೆಕ್ಟರು,
ಗಾಳಿ ತಣಿಸಲು ಯಾವುದೋ ವ್ಯಾನಿನಿಂದ ಬಿಚ್ಚಿದ ಜಾಲರಿ.
ಎಣ್ಣೆಯ ಸಣ್ಣ ನಾಳವನ್ನು ಬಾಯಲ್ಲೇ ಊದಿ ನೋಡಿದಳು,
ಒಲೆ ಊದುವವರಂತೆ ಕೆನ್ನೆ ಉಬ್ಬಿಸಿ.
ಕೆಮ್ಮಿದಳು. ಆ ಕೆಮ್ಮಿನ ಬಗ್ಗೆ ಅವಳನ್ನು ಕೇಳುವಂತಿಲ್ಲ.

ಶನಿವಾರ ರಾತ್ರಿ ಪರೀಕ್ಷೆ. ನಾನು ಹಿಂದಿನ ಸೀಟು.
ಏರಿನ ಬುಡದಲ್ಲಿ ಅವನು ಪೆಡಲು ಒತ್ತಿದ.
ಏನೂ ಆಗಲಿಲ್ಲ.
(ಆ ಏನೂ ಆಗದ ಅರೆಕ್ಷಣವನ್ನು
ಇನ್ನೂ ಜೇಬಿನಲ್ಲಿಟ್ಟುಕೊಂಡಿದ್ದೇನೆ.)
ಆಮೇಲೆ ದೂರದಲ್ಲೆಲ್ಲೋ ಕೆಟಲು ಕುದಿದ ಸಿಳ್ಳು,
ಮುಳ್ಳು ಎದ್ದು, ಬೆನ್ನು ಸೀಟಿಗೆ ಅಂಟಿ,
ಕೆಳಗೆ ಲಾ ಪಾಜ್‌ನ ದೀಪಗಳೆಲ್ಲ ಒಂದೇ ಸಲ ಓರೆ.

ಭಾನುವಾರ ಅವನು ಮೂರನೆಯವ. ಭಾವ ಎರಡನೆಯವ.
ಬಸಿಲಿಯಾಗೆ ಇನ್ನೂ ಅರ್ಧ ಬಾಕಿ ಬರಬೇಕು.

ಲಾರಿಯ ಟರ್ಬೊ ಅಂಗಡಿಯಲ್ಲೇ ಉಳಿದಿದೆ,
ಬಾಯಿಗೆ ಚಿಂದಿ ತುರುಕಿ ಬಾಗಿಲಿಗೆ ಒತ್ತು ಕೊಟ್ಟಿದ್ದೇವೆ.
ಗಾಳಿ ಬೀಸುವ ದಿನ ಚಿಂದಿ ಕಳಚಿದರೆ
ಒಳಗಿನ ಚಕ್ರ ತನ್ನಷ್ಟಕ್ಕೆ ಸುತ್ತುತ್ತದೆ,
ನಿಧಾನ, ಯಾರೂ ತುಳಿಯದೆ.

ಅವಳು ತಲೆಯೆತ್ತಿ ನೋಡಿ
"ಈಗ ಎದ್ದಿತು" ಅನ್ನುತ್ತಾಳೆ.