ಪಂಪು ನಿಂತ ಸದ್ದು

ಎಲ್ಲರಿಗೂ ಸದ್ದಾದರೆ ಎಚ್ಚರ,
ನನಗೆ ಸದ್ದು ನಿಂತರೆ.
ರಾತ್ರಿ ಮೂರಕ್ಕೆ, ಗುದೈಬಿಯಾದ ನಾಲ್ಕನೇ ಮಾಳಿಗೆಯಲ್ಲಿ,
ಗುಳುಗುಳು ಅನ್ನುತ್ತಿದ್ದದ್ದು ಥಟ್ಟನೆ ಅನ್ನದೇ ಹೋದಾಗ
ಬರಿಗಾಲಲ್ಲಿ ಓಡುತ್ತೇನೆ,
ತೊಟ್ಟಿಲ ಕೂಸು ಉಸಿರು ಕಟ್ಟಿದ ಹಾಗೆ.
ಫ್ಯೂಸು. ಬರೀ ಫ್ಯೂಸು.
ಆಮೇಲೆ ಬೆಳಗಿನವರೆಗೂ ನಿದ್ದೆಯಿಲ್ಲ.

ಐದು ಟ್ಯಾಂಕು.
ಒಂದು ಹಾಲ್‌ನಲ್ಲಿ, ಎರಡು ಮಂಚದ ಕಾಲ ಬಳಿ,
ಒಂದು ಅಡುಗೆಕೋಣೆಯಲ್ಲಿ ಅಕ್ಕಿ ಚೀಲಕ್ಕೆ ಆತು,
ಇನ್ನೊಂದು, ಯಾರಿಗೂ ಹೇಳಬೇಡಿ, ಚಪ್ಪಲಿಯ ಕಪಾಟಿನಲ್ಲಿ:
ಜಡ್ಡಾದವರ ವಾರ್ಡು ಅದು, ನೀಲಿ ಮದ್ದಿನ ನೀರು.
ಶುರುವಾದದ್ದು ಇಂಚರಳ ಐದನೇ ಹುಟ್ಟುಹಬ್ಬಕ್ಕೆ
ಒಂದು ಗಾಜಿನ ಬಟ್ಟಲು, ಒಂದು ಕೆಂಪು ಫೈಟರ್‌ನಿಂದ.
ಅವಳಿಗೀಗ ಹನ್ನೊಂದು.
ಅವಳು ಯಾವತ್ತೋ ಮರೆತಳು.

ಹಗಲೆಲ್ಲ ನಾನು ಊರವರ ಎ.ಸಿ. ರಿಪೇರಿಯವ.
ಜುಫೇರಿನ ಟವರುಗಳ ನೆತ್ತಿಯಲ್ಲಿ
ಕಾದ ತಗಡು ಮುಟ್ಟಿ ಮುಟ್ಟಿ
ಬೆರಳಿನ ಗೆರೆಗಳೇ ಸವೆದು
ಆಫೀಸಿನ ಹಾಜರಿ ಯಂತ್ರಕ್ಕೂ ನನ್ನ ಗುರುತು ಹತ್ತುವುದಿಲ್ಲ.
ಮನೆಗೆ ಬಂದರೆ ಇವಕ್ಕೆ ತಂಪು ಮಾಡಬೇಕು.
ಆಗಸ್ಟಿನಲ್ಲಿ ನಲ್ಲಿ ತಿರುಗಿಸಿದರೆ ಚಹಾದ ನೀರು;
ಗೀಸರು ಆರಿಸಿಟ್ಟು, ಅದರ ಹೊಟ್ಟೆಯಲ್ಲಿ ತಣಿದದ್ದನ್ನೇ
ತಣ್ಣೀರೆಂದು ಕರೆಯುವ ಊರು ಇದು.
ಅದನ್ನು ಬಕೆಟ್ಟಿಗೆ ಹಿಡಿದು, ಕ್ಲೋರಿನ್ನಿಗೆ ಮದ್ದು ಹನಿಸಿ,
ಐಸುಗಟ್ಟಿದ ಬಾಟಲು ತೇಲಿಸಿ
ಮೊಣಕೈ ಅದ್ದಿ ನೋಡುತ್ತೇನೆ,
ಮಗುವಿನ ಮೀಯುವ ನೀರು ಹದ ನೋಡುವ ಅಜ್ಜಿಯ ಹಾಗೆ.
ಪರೀಕ್ಷೆಯ ನಳಿಕೆ ಹಳದಿ ಇದ್ದರೆ ಊಟ ರುಚಿಸುತ್ತದೆ.
ಹಸಿರಿಗೆ ತಿರುಗಿತೋ,
ಇದ್ದೊಂದು ಶುಕ್ರವಾರವೂ ಹೋಯಿತು.

ಸುಗಂಧಿ ಹೇಳಿದಳು, ಬಂಗುಡೆಯ ಹೊಟ್ಟೆ ಸೀಳುತ್ತ:
"ಮಾವ ಉಚ್ಚಿಲದಲ್ಲಿ ಕೈರಂಪಣಿ ಎಳೆದು
ಒಂದು ಬೆಳಗಿಗೆ ಎಷ್ಟು ಸಾವಿರ ದಡಕ್ಕೆ ಹಾಕಿದವರು!
ಒಂದಕ್ಕಾದರೂ ಜ್ವರ ಉಂಟಾ ಅಂತ ನೋಡಿದವರಲ್ಲ,
ಗೊರಕೆ ಹೊಡೆದು ಮಲಗಿದವರು.
ನೀವು?"
ಉತ್ತರ ಇರಲಿಲ್ಲ.
ಊಟಕ್ಕೆ ಕೂರುವಾಗ ಇಂಚರ ಎಂದಿನಂತೆ
ಟ್ಯಾಂಕಿನ ದೀಪ ಆರಿಸಿದಳು.
ಅವು ನಮ್ಮ ತಟ್ಟೆ ನೋಡಬಾರದಂತೆ.

ಕಳೆದ ರಜೆಯಲ್ಲಿ ಕೀಲಿಕೈ ಕೊಟ್ಟದ್ದು
ಕೆಳಗಿನ ಕೋಲ್ಡ್ ಸ್ಟೋರಿನ ಶಂಸುವಿಗೆ.
ದಿನಕ್ಕೊಂದು ಚಿಟಿಕೆ ಎಂದು ಬರೆದೇ ಕೊಟ್ಟಿದ್ದೆ.
ಪಾಪ, ಹಸಿದಾವು ಎಂದು ಹಿಡಿ ಹಿಡಿ ಹಾಕಿದ.
ನಾದಿನಿಯ ಮದುವೆಯ ಚಪ್ಪರದಲ್ಲಿ ನಿಂತು
ಫೋನಿನ ಚೌಕದೊಳಗೆ ಎಣಿಸಿದೆ, ಹದಿನೆಂಟು,
ಬೆಳ್ಳಗೆ, ಮಗ್ಗುಲಾಗಿ.
ಯಾರೋ ಕೈಗೆ ಪಾಯಸದ ಲೋಟ ಕೊಟ್ಟರು. ಕುಡಿದೆ.
ಶಂಸು ಅಳುತ್ತಿದ್ದ. ಅವನನ್ನು ನಾನೇ ಸಮಾಧಾನ ಮಾಡಿದೆ.

ಕಡೆಗೆ ಕರೆಂಟು ಬಿಲ್ಲಿನ ಬೆನ್ನ ಮೇಲೆ
ಇಡುವುದು, ಕೊಡುವುದು ಎಂದು ಎರಡು ಸಾಲು ಗೀಚಿದೆ.
ಡಿಸ್ಕಸ್ ಜೋಡಿಯ ಬಳಿ ಪೆನ್ನು ನಿಂತಿತು:
ಮೈಯ ಲೋಳೆಯನ್ನೇ ಮರಿಗಳಿಗೆ ತಿನ್ನಿಸಿ
ಬಣ್ಣಗೆಡುವ ತಾಯಿ, ಬಣ್ಣಗೆಡುವ ತಂದೆ.
ಸುಗಂಧಿ ಬಗ್ಗಿ ನೋಡಿ ಏನೂ ಅನ್ನಲಿಲ್ಲ,
ಬಿಲ್ಲನ್ನು ಮಗುಚಿ ಮೊತ್ತ ಓದಿದಳು.

ಮುಹರ್ರಕ್ಕಿನಿಂದ ಹುಡುಗ ಬಂದ, ಜಾಸಿಂ,
ಪಿಕಪ್ಪಿನಲ್ಲಿ ಹಳೆಯ ಕಂಬಳಿ ಹಾಸಿಕೊಂಡು.
ಗಾಜಿಗೆ ಮೂಗು ಒತ್ತಿ ಕೇಳಿದ, ಹೆಸರಿಟ್ಟಿದ್ದೀರಾ?
ಇಲ್ಲ ಎಂದೆ. ಸುಳ್ಳು.
ನಾಲ್ಕು ಎಂದು ಮಾತಾಗಿತ್ತು,
ಮೂರೇ ಕೊಟ್ಟು ಹಣ ವಾಪಸು ಎಣಿಸಿದೆ.
ಬಕೆಟ್ಟು ಹೊತ್ತವ ಮೆಟ್ಟಿಲಿಳಿಯುವಾಗ
ಮೇಲಿನಿಂದ ಕೂಗುತ್ತಲೇ ಇದ್ದೆ:
ಮೆಲ್ಲಗೆ, ಬಿಸಿಲು ತಾಗಿಸಬೇಡ,
ಮೊದಲು ಚೀಲ ತೇಲಿಸು, ಕಾಲು ಗಂಟೆ, ಆಮೇಲೆ ಬಿಡು.

ಮಂಚದ ಬಳಿ ಈಗ ಟೈಲ್ಸಿನ ಮೇಲೆ ಎರಡು ಚೌಕ,
ಸುತ್ತಲಿನದಕ್ಕಿಂತ ಬಿಳಿ.
ರಾತ್ರಿ ಮೂರಕ್ಕೆ ಎಚ್ಚರವಾಯಿತು.
ಫ್ಯೂಸು ಸರಿಯಿತ್ತು.
ಹಾಲ್‌ನಲ್ಲಿ ಹೋಗಿ ಕೂತೆ.
ಇಷ್ಟು ಸಾಕೇ ಎಂದು ಕೇಳಿದೆ, ಅಥವಾ ಇದೂ ಹೆಚ್ಚೇ?
ಗಂಡು ಡಿಸ್ಕಸ್ ಗಾಜಿನ ಹತ್ತಿರ ಬಂದು
ಬಾಯಿ ತೆರೆಯಿತು, ಮುಚ್ಚಿತು.
ಅದು ಯಾವಾಗಲೂ ಹಾಗೇ ಮಾಡುತ್ತದೆ.