ಮೂರು ಸೆಕೆಂಡು ಮುಂಚೆ

ಏರುವುದನ್ನು ಯಾರೂ ಕಲಿಸಬೇಕಾಗಲಿಲ್ಲ.
ಕಡ್ಡಿ ಮುಂದೆ ನೂಕಿದರೆ ಸಾಕು, ಸೀಮೆಎಣ್ಣೆ ಕುಡಿದ
ತಂಬಿಗೆ ಗಾತ್ರದ ಟರ್ಬೈನು ಸಿಳ್ಳೆ ಹಾಕಿ, ಕಿರುಚಿ,
ಡಾಂಬರು ಮುಗಿಯುವ ಮೊದಲೇ ಆಕಾಶ.
ಆಮೇಲೆ ಏಳು ನಿಮಿಷ ನಾನೇ ರಾಜ.
ಎಂಟನೆಯದಕ್ಕೆ ಎಣ್ಣೆ ಇಲ್ಲ.

ಶ್ವಾಬಿಯಾದ ಗುಡ್ಡದ ಮೇಲೊಂದು ಪಟ್ಟಿ ನೆಲ,
ಒಂದು ಮಗ್ಗುಲಿಗೆ ಮೆಕ್ಕೆಜೋಳ, ಇನ್ನೊಂದಕ್ಕೆ ಯಾರದೋ ಕುರಿ.
ನಾನು ಗೆಬ್‌ಹಾರ್ಟ್, ಬ್ರೆಡ್ಡು ಸುಡುವವನು, ಐವತ್ತೆಂಟು.
ಗುರು ಸ್ವೆನ್ಯಾ, ಹದಿನಾರು, ಹಲ್ಲಿಗೆ ತಂತಿ.
ಕ್ಲಬ್ಬಿನ ಮುದುಕರು ಮೀಸೆಯಲ್ಲೇ ನಕ್ಕರು.
ನಗಲಿ. ನನ್ನ ಅಂಗಡಿಯ ಗಾಜಿಗೆ ಮೂಗೊತ್ತಿ
ಬೆಳೆದ ಹುಡುಗಿ, ಈಗ ನನ್ನ ಪಕ್ಕ ನಿಂತು
ಒಂದು ಕೈ ಸದಾ ಚಾಚಿರುತ್ತಾಳೆ,
ರಿಮೋಟು ಕಸಿದುಕೊಳ್ಳಲು.

ಮೊದಲ ಪಾಠ ಎಡಬಲ.
ದೂರ ಹೋಗುವಾಗ ಅದರ ಬಲ ನನ್ನ ಬಲ.
ತಿರುಗಿ ನನ್ನತ್ತ ಬಂತೋ,
ಕನ್ನಡಿಯೊಳಗಿನವನ ಹಾಗೆ ಎಲ್ಲ ಅದಲುಬದಲು.
"ಯಾವ ರೆಕ್ಕೆ ಜೋಲುತ್ತದೋ
ಅದರಡಿಗೆ ಕಡ್ಡಿಯನ್ನು ಊರುಗೋಲು ಕೊಡಿ" ಅಂದಳು.
ಎಡಬಲ ತಿಳಿಯದವನು ಅನ್ನಿಸಿಕೊಳ್ಳಲು
ಈ ವಯಸ್ಸಿನವರೆಗೆ ಕಾಯಬೇಕಾಯಿತು.

ಆಮೇಲಿನದು ತಡ.
ಕರೆದ ಕೂಡಲೆ ಓಡಿಬರಲು ಟರ್ಬೈನು ಮನೆಯ ಆಳಲ್ಲ.
ಈಗ ಕೇಳಿದ ಬಲ ಬರುವುದು ಮೂರು ಸೆಕೆಂಡು ಕಳೆದು,
ಬೇಕೆನಿಸಿದ ಮೇಲೆ ಕೇಳಿದರೆ
ಬರುವಷ್ಟರಲ್ಲಿ ಬೇಡವಾಗಿರುತ್ತದೆ.
ಇದು ನನಗೆ ಗೊತ್ತಿತ್ತು, ಒಲೆಯ ಬಾಯಲ್ಲಿ.
ಹೊರಗೆ ತೆಗೆದ ಮೇಲೂ ಬೇಯುತ್ತಲೇ ಇರುತ್ತದೆ ಬ್ರೆಡ್ಡು,
ಹದ ಬಂದಾಗಲ್ಲ, ಹದದ ಸುಳಿವಿಗೇ ತೆಗೆಯಬೇಕು.
ಅಂಗೈಗೆ ಗೊತ್ತಿದ್ದದ್ದು
ಹೆಬ್ಬೆರಳಿಗೆ ಗೊತ್ತಿರಲಿಲ್ಲ.

ಜೂನಿನಲ್ಲಿ ಮುಂಗಾಲು ಮುರಿದೆ.
ಜುಲೈಯಲ್ಲಿ ಅದೇ ಕಾಲು, ಹೊಸದು.
ಆಗಸ್ಟಿನಲ್ಲಿ ನೆಲ ಕಂಡು ಹೆದರಿ ಮೂತಿ ಎತ್ತಿದೆ,
ವೇಗ ಸತ್ತಿತು, ಜೋಳ ಬಾಯ್ದೆರೆದು ನುಂಗಿತು.
ಎರಡು ಗಂಟೆ ಹುಡುಕಿದೆವು, ನಾನು, ಸ್ವೆನ್ಯಾ, ಕುರಿಯವನ ನಾಯಿ.
ಕೊನೆಗೆ ಸಿಕ್ಕಿದ್ದು ಕಣ್ಣಿಗಲ್ಲ, ಮೂಗಿಗೆ.
ಎಡ ರೆಕ್ಕೆ ಒಂದು ಸಾಲಿನಲ್ಲಿ, ಬಲ ನಾಲ್ಕು ಸಾಲಿನಾಚೆ.
ಹೊಲದವನಿಗೆ ವಾರದ ಬ್ರೆಡ್ಡು ದಂಡ ತೆತ್ತೆ.
ಹೆಂಡತಿ ಅಡೆಲ್‌ಹೈಟ್ ಬೆಲೆ ಕೇಳಲಿಲ್ಲ,
ರಸೀತಿ ಅವಳ ಕೈಯಲ್ಲೇ ಇತ್ತು.

ಗಾಳಿ ಬಂದಾಗ ತೂರಿಕೊಳ್ಳುವುದು ಸರಿ,
ಗಾಳಿ ಅಡ್ಡ ಬಂದಾಗ?
ಅಕ್ಟೋಬರಿನ ಗಾಳಿಚೀಲ ಕುರಿಗಳತ್ತ ಕೈಮಾಡುತ್ತಿತ್ತು.
"ಇಳಿಸುತ್ತಿದ್ದೇನೆ!" ಕೂಗಿದೆ, ಕೂಗುವುದು ನಿಯಮ.
ಒಟ್‌ಮಾರ್ ಸಾಸೇಜು ಮಗುಚುತ್ತಿದ್ದ, ತಿರುಗಲಿಲ್ಲ.
ಚಕ್ರ ಇಳಿಸಿದೆ, ಫ್ಲ್ಯಾಪು ಪೂರ್ತಿ.
ಅದು ಬರುತ್ತಿದೆ ಅನ್ನಿಸಲಿಲ್ಲ, ಇದ್ದಲ್ಲೇ ಬೆಳೆಯುತ್ತಿದೆ ಅನ್ನಿಸಿತು.
ಚುಕ್ಕೆ, ನೊಣ, ಹಕ್ಕಿ,
ಮೂತಿ ವಾರೆ ಮಾಡಿಕೊಂಡು ಏಡಿಯ ನಡಿಗೆ.
ಎತ್ತರವಾಯಿತು. ಒಂದಾಳು ಎತ್ತರ ಜಾಸ್ತಿ.
ಒತ್ತಿ ಕೂರಿಸಬಹುದಿತ್ತು, ಜೂನಿನ ಹಾಗೆ.
ನೂಕಿದೆ ಕಡ್ಡಿ, ಮೂರು ಸೆಕೆಂಡು ಮುಂಚೆ.
ಪಟ್ಟಿಯ ಮೇಲೆ ಹಾದು ಹೋಯಿತು,
ಕಾಲು ಇಳಿಬಿಟ್ಟ ಕೊಕ್ಕರೆ.
ಓರೆಗಣ್ಣಲ್ಲಿ ಕಂಡೆ:
ಸ್ವೆನ್ಯಾಳ ಕೈ ಜೇಬಿನಲ್ಲಿತ್ತು.

ಎರಡನೇ ಸುತ್ತು. ಮುಟ್ಟಿತೋ ಇಲ್ಲವೋ ಕಣ್ಣಿಗೆ ತಿಳಿಯಲಿಲ್ಲ,
ಸದ್ದು ಬದಲಾದಾಗ ತಿಳಿಯಿತು.
ಮೂತಿಗೆ ಅವಸರ ಮಾಡಲಿಲ್ಲ,
ತನಗೆ ಬೇಕೆನಿಸಿದಾಗ ತಾನೇ ತಲೆ ಬಾಗಿಸಿತು.

"ಒಂದು ಮೊಳ ಎಡಕ್ಕಾಯಿತು" ಅಂದಳು.
"ಯಾರ ಎಡ?" ಅಂದೆ.
ತಂತಿಯ ಹಲ್ಲು ಆಗ ಪೂರ್ತಿ ಕಂಡವು.

ಆರಿಸಿದ ಮೇಲೂ ತಣಿಯಲು ತಿರುಗುತ್ತಲೇ ಇರುತ್ತದೆ ಟರ್ಬೈನು.
ಮಂಡಿಯೂರಿ ಬಾಲದ ಹಿಂದೆ ಹಿಡಿದೆ,
ಬೆಳಗಿನ ಜಾವ ಬ್ರೆಡ್ಡಿನ ತಳ ತಟ್ಟುವ ಕೈ.
ಬಿಸಿ. ಇನ್ನೂ ಬಿಸಿ.
ಸಾಸೇಜು ಆರುತ್ತದೆ ಬಾರಯ್ಯ, ಒಟ್‌ಮಾರ್ ಕೂಗಿದ.