ಬಾವಿಯ ಬೋರ್ಡು

ಸೂರ್ ಪೇಟೆಯ ಹೊರಗೆ, ಮಸ್ಕತ್ತಿನ ರಸ್ತೆಗೆ ತಾಗಿ
ಕಂದು ಬೋರ್ಡೊಂದನ್ನು ನಿಲ್ಲಿಸುವುದು ಇವತ್ತಿನ ಕೆಲಸ.
ಗುಂಡಿ ಮೂರಡಿ. ದಿಲ್‌ಬಹಾದೂರ್ ಅಗೆದ,
ನಾನು ಕಂಬ ಹಿಡಿದೆ
ರಸಮಟ್ಟದ ಗುಳ್ಳೆ ನಡುವಿಗೆ ಬರುವ ತನಕ.

ಮೇಲೆ ಅರಬಿ, ಕೆಳಗೆ ಇಂಗ್ಲಿಷು:
'ಇಲ್ಲಿ ಹಳೆಯ ಬಾವಿ. ಹಡಗಿನವರು ನೀರು ತುಂಬಿಕೊಳ್ಳುತ್ತಿದ್ದರು.'
ಅಷ್ಟೇ.

ಪಿಕಪ್ ನಿಲ್ಲಿಸಿ ಇಳಿದ ಮುದುಕ, ಖಲ್ಫಾನ್ ಬಿನ್ ಸುವೈದ್,
ಓದಿದ. ಖರ್ಜೂರದ ಬೀಜವನ್ನು ಬಾಯಲ್ಲಿ ಅತ್ತಿತ್ತ ಹೊರಳಿಸಿದ.
'ತಪ್ಪು. ಬಾವಿ ಅಲ್ಲಿ.'
ಬೆರಳು ತೋರಿದ್ದು ಪೆಟ್ರೋಲ್ ಪಂಪಿನ ಕಡೆಗೆ.
'ಹೆಸರೂ ಬರೆದಿಲ್ಲ. ಬೀರ್ ಹಿನ್ನೌರ್.'

ಅವನಜ್ಜ ಹಿನ್ನೌರಿನಿಂದ ಸಾಗುವಾನಿಯ ಜೊತೆ
ಒಂದು ರಾಟೆ ತಂದಿದ್ದನಂತೆ.
ಸೇದಿದಾಗೆಲ್ಲ ಕಿರುಚುತ್ತಿತ್ತಂತೆ. ಹೆಂಗಸರು ಅದನ್ನು
'ಹಿಂದೂಸ್ತಾನದ ಸೊಸೆ' ಎನ್ನುತ್ತಿದ್ದರಂತೆ:
ಎಷ್ಟು ಎಣ್ಣೆ ಹಾಕಿದರೂ ಬಾಯಿ ಮುಚ್ಚದವಳು.

ಹಿನ್ನೌರ್, ಹಿನ್ನೌರ್...
ಕಂಬ ಹಿಡಿದೇ ನಾಲಗೆಯಲ್ಲಿ ತಿರುಗಿಸಿದೆ.
ಅರೆ, ನಮ್ಮ ಹೊನ್ನಾವರ!
ಶರಾವತಿ ದಾಟಿದರೆ ಕಾಸರಕೋಡು,
ನನ್ನ ರೇಷನ್ ಕಾರ್ಡಿನ ಊರು.
ಹೇಳಿದೆ. ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ.
'ಹಾಗಾದರೆ ನಿಮ್ಮವರಿಗೆ ಹೇಳು,
ಆ ರಾಟೆ ಸರಿಯಿರಲಿಲ್ಲ.'

ಫೋರ್‌ಮನ್ ಇಶ್ತಿಯಾಕನಿಗೆ ಫೋನು ಮಾಡಿದೆ.
'ನಕ್ಷೆಯಲ್ಲಿ ಎಲ್ಲಿದೆಯೋ ಅಲ್ಲೇ ಹಾಕು ಮಾರಾಯ,
ಇನ್ನೂ ಹನ್ನೊಂದು ಬೋರ್ಡಿದೆ.'
ಹಾಕಿದೆವು. ಸಿಮೆಂಟು ಸುರಿದೆವು.

ಹೊರಡುವ ಮುಂಚೆ ಮುದುಕ
ಬಾಟಲಿಯಲ್ಲಿ ಉಳಿದ ನೀರಷ್ಟನ್ನೂ
ಕಂಬದ ಬುಡಕ್ಕೆ ಹೊಯ್ದ.
ಸಿಮೆಂಟು ಇನ್ನೂ ಹಸಿ,
ಈಗಲೇ ಬೇಡ ಅನ್ನಬೇಕಿತ್ತು.
ಅನ್ನಲಿಲ್ಲ.